ಹೆಸರಿಲ್ಲದ ಬೀಜ

ಹೋದ ವರ್ಷ ಮೇ ತಿಂಗಳು, ಶಾಲೆಗೆ ರಜೆ. ಬೆಳಿಗ್ಗೆ ಅಂಗಳ ಗುಡಿಸಿ ಜಗುಲಿಗೆ ಬಂದರೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದ. ಏಳನೆಯ ಕ್ಲಾಸಿನಲ್ಲಿ ಲೆಕ್ಕದಲ್ಲಿ ಸದಾ ಮೂವತ್ತೈದಕ್ಕೇ ನಿಲ್ಲುತ್ತಿದ್ದ ಹುಡುಗ. ಈಗ ಎರಡೆಕರೆ ಕಾಫಿ ತೋಟದ ಯಜಮಾನ. ಕವರಿನಿಂದ ನಾಲ್ಕು ಕಾಫಿ ಎಲೆ ತೆಗೆದು ಮಗುಚಿ ತೋರಿಸಿದ. ಎಲೆಯ ಹಿಂಬದಿಗೆ ಅರಿಸಿನಕ್ಕೆ ಕುಂಕುಮ ಕಲಸಿದ ಹಾಗೆ ಕಿತ್ತಳೆ ಬಣ್ಣದ ಪುಡಿ.

"ತುಕ್ಕು ಕಣೋ ಇದು" ಅಂದೆ.

"ಅದು ಗೊತ್ತು ಟೀಚರ್. ಆದ್ರೆ ಈ ಗಿಡಕ್ಕೆ ತುಕ್ಕೇ ಬರಲ್ಲ ಅಂತ ಹೇಳಿ ಕೊಟ್ಟಿದ್ರು."

ಯಾರು ಕೊಟ್ಟರು, ಯಾವ ತಳಿ ಎಂದು ಕೇಳಿದೆ. ಅವನು ನೆಲ ನೋಡಿದ. ಪರಿಚಯದವರ ಪರಿಚಯದವರಿಂದ ಬಂದ ಬೀಜವಂತೆ. ಇನ್ನೂ ಹೊರಗೆ ಬಿಟ್ಟಿಲ್ಲ, ಪರೀಕ್ಷೆಯಲ್ಲಿದೆ, ಬಿಟ್ಟ ಮೇಲೆ ಸಿಗುವುದು ಕಷ್ಟ, ಈಗಲೇ ಹಾಕಿಕೊ ಎಂದರಂತೆ. "ಅಜ್ಜ ಇದ್ದಿದ್ರೆ ಏನಾದ್ರೂ ಹೇಳ್ತಿದ್ರು" ಎಂದು ಗೋಡೆಯ ಮೇಲಿನ ನನ್ನ ಮಾವನವರ ಫೋಟೋ ನೋಡಿದ.

ಅಜ್ಜ ಇದ್ದಿದ್ದರೆ ಏನೂ ಹೇಳುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಆ ವಿಷಯವನ್ನೇ ಬರೆಯಬೇಕೆಂದು ಕುಳಿತಿದ್ದೇನೆ.

ನಮ್ಮ ಗುಡ್ಡಗಳಿಗೆ ಕಾಫಿ ಬಂದ ಕಥೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎನ್ನುತ್ತಾರೆ. ಮೊಳೆಯುವ ಬೀಜವನ್ನು ಹೊರದೇಶಕ್ಕೆ ಬಿಡದ ಅರಬರ ಕಣ್ಣು ತಪ್ಪಿಸಿ ತಂದರೆಂದೂ ಕಥೆಯಲ್ಲಿದೆ. ಕ್ಲಾಸಿನಲ್ಲಿ ಈ ಕಥೆ ಹೇಳುವಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ. ನಮ್ಮ ಮೊದಲನೆಯ ಬೀಜವೇ ಯಾರೂ ಬಿಡುಗಡೆ ಮಾಡದ ಬೀಜ!

ಆ ಬೀಜದ ಸಂತತಿಗೆ ಮುಂದೆ ಇಂಗ್ಲಿಷ್ ಪ್ಲಾಂಟರುಗಳು ಚಿಕ್ಕಮಗಳೂರಿನ ಹೆಸರನ್ನು ಮೊಟಕುಮಾಡಿ 'ಚಿಕ್ಸ್' ಎಂದು ಕರೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿ ಕಾಂಡಕೊರಕ ಹುಳುವೂ ತುಕ್ಕು ರೋಗವೂ ಸೇರಿ ಅದನ್ನು ತಿಂದು ಮುಗಿಸಿದವು. ತುಕ್ಕು ಮೊದಲು ಬೆಳಕಿಗೆ ಬಂದದ್ದು 1869ರಲ್ಲಿ, ಸಿಂಹಳದಲ್ಲಿ. ಗಾಳಿಯಲ್ಲಿ ತೂರಿ, ಮಳೆಹನಿಯಲ್ಲಿ ಸಿಡಿದು ಎಲೆಯಿಂದ ಎಲೆಗೆ ಹರಡುವ ಶಿಲೀಂಧ್ರ ಅದು. ಎಲೆ ಉದುರುತ್ತದೆ, ಎಲೆಯಿಲ್ಲದ ಗಿಡ ಮರುವರ್ಷ ಫಸಲು ಕೊಡುವುದಿಲ್ಲ. ಅಲ್ಲಿನ ಸರ್ಕಾರ 1880ರಲ್ಲಿ ಮಾರ್ಷಲ್ ವಾರ್ಡ್ ಎಂಬ ಯುವ ವಿಜ್ಞಾನಿಯನ್ನು ಕರೆಸಿಕೊಂಡಿತು. ಆತ ಎರಡು ವರ್ಷ ಶಿಲೀಂಧ್ರದ ಜನ್ಮ ಜಾಲಾಡಿದರೂ ತೋಟಗಳು ಉಳಿಯಲಿಲ್ಲ. ಸಿಂಹಳ ಕಾಫಿ ಬಿಟ್ಟು ಚಹಾಕ್ಕೆ ತಿರುಗಿತು. ಇವತ್ತು ನಾವು ಸಿಲೋನ್ ಟೀ ಎಂದು ಹೆಮ್ಮೆಯಿಂದ ಕುಡಿಯುವುದರ ಹಿಂದೆ ಒಂದು ಕಾಫಿಯ ಸಾವಿದೆ.

ನಮ್ಮ ಕಡೆ ಹಾಗಾಗಲಿಲ್ಲ. ಚಿಕ್ಸ್ ಹೋದ ಜಾಗಕ್ಕೆ 'ಕೂರ್ಗ್' ಎಂಬ ಬಗೆ ಬಂತು, ಅದೂ ಸೋತಿತು. ಆಮೇಲೆ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಸುಮಾರಿಗೆ ಮೈಸೂರು ಸೀಮೆಯ ಕೆಂಟ್ ಎಂಬ ಪ್ಲಾಂಟರ್ ತನ್ನ ತೋಟದಲ್ಲಿ ಸುತ್ತಲಿನ ಗಿಡಗಳೆಲ್ಲ ತುಕ್ಕು ಹಿಡಿದು ಬೋಳಾಗಿರುವಾಗ ಹಸಿರಾಗಿ ನಿಂತಿದ್ದ ಗಿಡವನ್ನು ಗುರುತಿಸಿ ಅದರ ಬೀಜ ಎತ್ತಿಟ್ಟ. ಅದೇ 'ಕೆಂಟ್ಸ್' ತಳಿಯಾಯಿತು. ಅದನ್ನು ಯಾವ ಕಚೇರಿಯೂ ಪರೀಕ್ಷಿಸಿ ಮುದ್ರೆ ಒತ್ತಿ ಕೊಟ್ಟಿರಲಿಲ್ಲ. ತೋಟದಿಂದ ತೋಟಕ್ಕೆ ಕೈಬದಲಾಗಿ ಹೋಯಿತು.

ಬೀಜವನ್ನು ಪರೀಕ್ಷೆ ಮಾಡಿಯೇ ಕೊಡಬೇಕು ಎಂಬ ಕ್ರಮ ನಮ್ಮಲ್ಲಿ ಬೇರೂರಿದ್ದು 1925ರಲ್ಲಿ, ಬಾಳೆಹೊನ್ನೂರಿನ ಹತ್ತಿರ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರ ತೆರೆದ ಮೇಲೆ. ಆಗ ಮೈಸೂರಿನ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದವರು ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್‌ಮನ್. ಆ ಕೇಂದ್ರಕ್ಕೆ 2025ಕ್ಕೆ ನೂರು ವರ್ಷ ತುಂಬಿತು. ಅಲ್ಲಿ ಕೆಲಸ ಮಾಡಿದ ವಿಲ್ಸನ್ ಮೇನ್ ಎಂಬ ವಿಜ್ಞಾನಿ 1932ರಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು. ತುಕ್ಕು ಎಂದರೆ ಒಂದೇ ಅಲ್ಲ, ನೋಡಲು ಒಂದೇ ಥರವಿದ್ದರೂ ಅದರಲ್ಲಿ ಬೇರೆ ಬೇರೆ ಬಗೆಗಳಿವೆ, ಒಂದು ಬಗೆಯನ್ನು ತಡೆದ ಗಿಡ ಇನ್ನೊಂದಕ್ಕೆ ತಲೆಬಾಗುತ್ತದೆ ಎಂದು. ಕೆಂಟ್ಸ್ ಯಾಕೆ ಮೊದಲು ಗೆದ್ದು ಆಮೇಲೆ ಸೋಲತೊಡಗಿತು ಎಂಬುದಕ್ಕೆ ಉತ್ತರ ಅಲ್ಲಿ ಸಿಕ್ಕಿತು.

ಆಮೇಲೆ ಅದೇ ಕೇಂದ್ರದಲ್ಲಿ ಕೆಂಟ್ಸ್ ಅನ್ನು ಎಸ್ 288 ಎಂಬ ಗಿಡದೊಂದಿಗೆ ಕೂಡಿಸಿ ಎಸ್ 795 ಮಾಡಿದರು. 1940ರ ದಶಕದ ನಡುವಿನಲ್ಲಿ ಅದು ಬೆಳೆಗಾರರ ಕೈಗೆ ಬಂತು. ನಮ್ಮ ಹಳಬರು "ಸೆವೆನ್ ನೈಂಟಿ ಫೈವ್" ಎನ್ನುವಾಗ ಮನೆಯ ಹಿರಿಮಗನ ಹೆಸರು ಹೇಳಿದ ಹಾಗಿರುತ್ತದೆ. ನಾನು ಮದುವೆಯಾಗಿ ಬಂದ ಮನೆಯ ತೋಟದಲ್ಲೂ ಅದೇ ಇತ್ತು.

ಒಂದು ತಳಿ ಹೊರಗೆ ಬರಲು ಯಾಕಿಷ್ಟು ಕಾಲ ಎಂದು ಪೇಟೆಯಲ್ಲಿರುವವರು ಕೇಳುತ್ತಾರೆ. ಬೀಜ ಬಿತ್ತಿದರೆ ಒಂದೂವರೆ ತಿಂಗಳಿಗೆ ಮೊಳಕೆ ತಲೆ ಎತ್ತುತ್ತದೆ. ಅದು ಬುಟ್ಟಿ ಗಿಡವಾಗಿ, ಮಳೆಗಾಲದಲ್ಲಿ ನೆಲಕ್ಕೆ ಹೋಗಿ, ಮೊದಲ ಹಣ್ಣು ಕೊಡಲು ಮೂರು ನಾಲ್ಕು ವರ್ಷ. ಅದು ನಿಜವಾಗಿ ಎಂಥ ಗಿಡ ಎಂದು ತಿಳಿಯಲು ಇನ್ನಷ್ಟು ಫಸಲು ನೋಡಬೇಕು. ಅದರ ಬೀಜದಿಂದ ಮಕ್ಕಳು, ಮಕ್ಕಳ ಬೀಜದಿಂದ ಮೊಮ್ಮಕ್ಕಳು. ಎರಡು ಜಾತಿ ಕೂಡಿಸಿದ ಗಿಡದ ಮಕ್ಕಳು ಒಂದೇ ತಾಯಿಯ ಮಕ್ಕಳ ಹಾಗೆ, ಒಬ್ಬ ಉದ್ದ, ಒಬ್ಬ ಗಿಡ್ಡ, ಒಬ್ಬಳಿಗೆ ಅಜ್ಜಿಯ ಮೂಗು. ಕೆಲವು ತಲೆಮಾರು ಆರಿಸಿ ಆರಿಸಿ ಬಿತ್ತಿದ ಮೇಲೆಯೇ ಹೆಚ್ಚುಕಡಿಮೆ ಒಂದೇ ಥರದವು ಬರುವುದು. ಅದನ್ನು ಕೊಡಗಿನ ಮಣ್ಣಲ್ಲಿ, ವಯನಾಡಿನಲ್ಲಿ, ತಮಿಳುನಾಡಿನ ಗುಡ್ಡದಲ್ಲಿ ನೆಟ್ಟು ನೋಡಬೇಕು. ಒಬ್ಬ ವಿಜ್ಞಾನಿಯ ನೌಕರಿಯೇ ಮುಗಿದುಹೋಗುತ್ತದೆ. ಆ ನಡುವೆ ಪರೀಕ್ಷೆಯ ತಾಕಿನ ಬೇಲಿ ದಾಟಿ ಒಂದು ಹಿಡಿ ಬೀಜ ಹೊರಗೆ ಬಂದರೆ, ಅದು ಆ ತಳಿಯೂ ಅಲ್ಲ, ಬೇರೆಯದೂ ಅಲ್ಲ.

ಹಾಗೆಂದು ಮುದ್ರೆ ಬಿದ್ದದ್ದೆಲ್ಲ ಗೆದ್ದಿತೆಂದೂ ಅಲ್ಲ. 1980ರ ದಶಕದ ನಡುವೆ 'ಕಾವೇರಿ' ಎಂಬ ಗಿಡ್ಡ ತಳಿ ಬಂದಾಗ ನಾನು ಹೈಸ್ಕೂಲು. ಅದರ ಮೂಲ ಪೋರ್ಚುಗಲ್ ದೇಶದ ಒಯಿರಾಸ್ ಎಂಬಲ್ಲಿನ ತುಕ್ಕು ಸಂಶೋಧನಾ ಕೇಂದ್ರ. ಟಿಮೋರ್ ದ್ವೀಪದಲ್ಲಿ ಅರೇಬಿಕಾ, ರೋಬಸ್ಟಾ ತಾನಾಗಿ ಕೂಡಿ ಹುಟ್ಟಿದ ಒಂದು ಗಿಡದ ರಕ್ತ ಅದರಲ್ಲಿದೆ. ನನ್ನ ತಂದೆ ಅರ್ಧ ಎಕರೆಗೆ ಹಾಕಿದ್ದರು. ಎರಡು ಮೂರು ವರ್ಷಕ್ಕೇ ಕೊಂಬೆ ಬಾಗುವಷ್ಟು ಹಣ್ಣು. ಅಮ್ಮ ಅದೇ ದುಡ್ಡಿನಲ್ಲಿ ನನ್ನನ್ನು ಕಾಲೇಜಿಗೆ ಕಳಿಸಿದಳು. ಕೆಲವು ವರ್ಷಗಳಾದ ಮೇಲೆ ತುಕ್ಕಿನ ಹೊಸ ಬಗೆಗಳು ಅದನ್ನೂ ಹುಡುಕಿಕೊಂಡು ಬಂದವು. ಬಿಡುಗಡೆ ಎಂದರೆ ಖಾತ್ರಿ ಅಲ್ಲ. ಇಷ್ಟು ವರ್ಷ ಇಷ್ಟು ಜನ ನೋಡಿದ್ದೇವೆ, ಹೀಗೆ ಕಂಡಿದೆ, ತಪ್ಪಾದರೆ ನಮ್ಮನ್ನು ಕೇಳಿ ಎಂಬ ಮಾತು ಅಷ್ಟೆ. ಹೆಸರಿಲ್ಲದ ಬೀಜಕ್ಕೆ ಆ ಮಾತಾಡುವವರು ಯಾರೂ ಇಲ್ಲ.

ಈಗ ನನ್ನ ಮಾವನವರ ವಿಷಯಕ್ಕೆ ಬರುತ್ತೇನೆ.

ನಮ್ಮದು ಕಳಸದ ಕಡೆಯ ಒಂದು ಸಣ್ಣ ಊರು. ಮಾವ ಓದಿದ್ದು ನಾಲ್ಕನೆಯ ಕ್ಲಾಸು. ಆದರೆ ಕಾಫಿ ಗಿಡದ ಕಾಯಿಲೆಗೆ ಸುತ್ತ ಹತ್ತು ಹಳ್ಳಿಯವರು ಅವರ ಜಗುಲಿಗೇ ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ಏಳಕ್ಕೆ ಶುರುವಾದರೆ ಮಧ್ಯಾಹ್ನದವರೆಗೆ. ಒಬ್ಬ ಒಣಗಿದ ರೆಂಬೆ ತಂದರೆ ಇನ್ನೊಬ್ಬ ಕೊರೆದ ಕಾಂಡ ತರುತ್ತಿದ್ದ. ಒಲೆಯ ಮೇಲೆ ಕಾಫಿ ಪಾತ್ರೆ ಇಳಿಸುವ ಹಾಗೇ ಇರಲಿಲ್ಲ. ಅತ್ತೆ ಗೊಣಗುತ್ತಿದ್ದರು, ಆದರೆ ಬೆಲ್ಲ ಕಡಿಮೆ ಮಾಡುತ್ತಿರಲಿಲ್ಲ. ಮಾವ ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ಎಲ್ಲ ಬರೆದಿಡುತ್ತಿದ್ದರು. ಯಾರ ತೋಟ, ಯಾವ ತಳಿ, ಏನು ಹೇಳಿದೆ, ಆಮೇಲೆ ಏನಾಯಿತು. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ಇನ್ನೂರು ಲೀಟರು. ಬೋರ್ಡೋ ದ್ರಾವಣದ ಆ ಲೆಕ್ಕ ಅವರ ಕೈಬರಹದಲ್ಲಿ ಮೊದಲನೆಯ ಪುಟದಲ್ಲೇ ಇದೆ.

ಅವರಿಗೊಂದು ಕಟ್ಟುನಿಟ್ಟಿತ್ತು. ಆಫೀಸಿನವರು ಬಿಡುಗಡೆ ಮಾಡದ ಬೀಜದ ವಿಷಯ ಜಗುಲಿ ಹತ್ತಬಾರದು. ಹಿಂದೊಮ್ಮೆ ಒಬ್ಬರ ತೋಟದ ಹೊಸ ಗಿಡ್ಡ ಗಿಡ ನೋಡಿ, ಇದಕ್ಕೆ ಸಿಂಪಡಣೆ ಅಷ್ಟೇನೂ ಬೇಡ ಎಂದು ಬಾಯಿಮಾತಿಗೆ ಅಂದಿದ್ದರಂತೆ. ಆ ಮಾತು ಮೂರು ಮನೆ ದಾಟುವಷ್ಟರಲ್ಲಿ "ಗಿಡ್ಡ ಗಿಡಕ್ಕೆ ಔಷಧಿಯೇ ಬೇಡ, ಅಜ್ಜ ಹೇಳಿದ್ದಾರೆ" ಎಂದಾಯಿತು. ಆ ಮೂರೂ ಮನೆಯವರು ಆ ವರ್ಷ ಎಲೆ ಕಳೆದುಕೊಂಡರು. ಅಂದಿನಿಂದ ಅವರ ಉತ್ತರ ಒಂದೇ: "ನನ್ನ ಪುಸ್ತಕದಲ್ಲಿ ಆ ಗಿಡ ಇಲ್ಲ. ಕೊಟ್ಟವರನ್ನೇ ಕೇಳಿ."

ನಮ್ಮ ಮನೆಯಿಂದ ಎರಡು ತಿರುವು ಕೆಳಗೆ ಒಂದು ಮನೆ. ಅಲ್ಲಿನ ಅಕ್ಕನಿಗೆ ಗಂಡ ತೀರಿಹೋಗಿದ್ದರು. ಮೂರೆಕರೆ ತೋಟ, ಇಬ್ಬರು ಹೆಣ್ಣುಮಕ್ಕಳು. 2001, 2002ರ ಕಾಲ ನೆನಪಿದ್ದವರಿಗೆ ಗೊತ್ತು. ಜಗತ್ತಿನಲ್ಲೆಲ್ಲ ಕಾಫಿಯ ಬೆಲೆ ಪಾತಾಳ ಕಂಡಿತ್ತು, ಹಣ್ಣು ಕೊಯ್ದ ಕೂಲಿಯೂ ಹುಟ್ಟುತ್ತಿರಲಿಲ್ಲ. ಅದೇ ಹೊತ್ತಿಗೆ ಕಾಂಡಕೊರಕ. ಹುಳು ಬಿದ್ದ ಗಿಡಗಳನ್ನು ಕಿತ್ತು ಸುಟ್ಟು ಆಕೆಯ ಒಂದೆಕರೆ ಬಯಲಾಯಿತು. 2003ರ ಮಳೆಗಾಲದಲ್ಲಿ ಸಂಬಂಧಿಕರೊಬ್ಬರು ತಂದುಕೊಟ್ಟ ಗಿಡ ಹಾಕಿದಳು. "ಇನ್ನೂ ಹೊರಗೆ ಬಿಟ್ಟಿಲ್ಲವಂತೆ, ತುಕ್ಕೂ ಇಲ್ಲ, ಬೇಗ ಫಸಲು" ಎಂದು ನನ್ನ ಹತ್ತಿರ ಪಿಸುಮಾತಿನಲ್ಲಿ ಹೇಳಿದ್ದಳು. ಅದು ಯಾವ ಗಿಡ, ಕೊನೆಗೂ ಯಾರಿಗೂ ತಿಳಿಯಲಿಲ್ಲ.

ಫಸಲು ಬೇಗ ಬಂದದ್ದು ನಿಜ. 2006ರಲ್ಲಿ ಆ ಗಿಡಗಳು ಎಲೆ ಕಾಣದ ಹಾಗೆ ಕಾಯಿ ಕಚ್ಚಿದ್ದವು. ದಸರಾ ಹೊತ್ತಿಗೆ ರೆಂಬೆಯ ತುದಿ ಒಣಗಲು ಶುರುವಾಯಿತು. ಒಂದು ಭಾನುವಾರ ಅವಳು ಸೆರಗಿನಲ್ಲಿ ರೆಂಬೆ ಮುಚ್ಚಿಕೊಂಡು ಬಂದಳು. ಸರದಿಯಲ್ಲಿ ಕೂತಿದ್ದ ಗಂಡಸರ ನಡುವೆ ನಿಂತು ಕೇಳಿದಳು. ಮಾವ ರೆಂಬೆಯನ್ನು ಕೈಗೆತ್ತಿಕೊಂಡರು, ತಿರುಗಿಸಿ ನೋಡಿದರು, ವಾಪಸು ಕೊಟ್ಟರು.

"ನನ್ನ ಪುಸ್ತಕದಲ್ಲಿ ಆ ಗಿಡ ಇಲ್ಲ ತಂಗಿ."

ನಾನು ಬಾಗಿಲ ಹಿಂದೆ ಲೋಟ ಹಿಡಿದು ನಿಂತಿದ್ದೆ. ಅವಳು ಕಾಫಿ ಕುಡಿಯದೆ ಹೋದಳು. ಕೊಟ್ಟವರನ್ನು ಕೇಳಲು ಹೋದರೆ ಅವರು ಯಾರದೋ ಕಡೆ ಕೈ ತೋರಿಸಿದರು. ಕಚೇರಿಗೆ ಹೋಗಲು ಅವಳಿಗೆ ಹೆದರಿಕೆ, ಕದ್ದ ಮಾಲು ಎಂದುಬಿಟ್ಟರೆ? ಎರಡು ವರ್ಷದಲ್ಲಿ ಆ ಎಕರೆ ಮೋಟು ಕಡ್ಡಿಗಳಾದವು. ದೊಡ್ಡ ಮಗಳ ಮದುವೆ ಬಂತು. 2008ರಲ್ಲಿ ಆ ಎಕರೆಯನ್ನು ಊರಿಗೆ ಹೊಸದಾಗಿ ಬಂದವರಿಗೆ ಕೊಟ್ಟುಬಿಟ್ಟಳು.

ಆ ವಿಷಯ ತಿಳಿದ ರಾತ್ರಿ ಮಾವ ಊಟ ಅರ್ಧಕ್ಕೆ ಬಿಟ್ಟು ಎದ್ದರು. ಬಹಳ ಹೊತ್ತಿನ ಮೇಲೆ, ಯಾರಿಗೆಂದಲ್ಲದೆ ಹೇಳಿದರು: "ಅದಕ್ಕೆ ಆಗಿದ್ದು ಏನೂ ವಿಶೇಷ ಅಲ್ಲ. ಮೈಮೀರಿ ಕಾಯಿ ಹೊತ್ತಿತ್ತು. ಸ್ವಲ್ಪ ಕಾಯಿ ಉದುರಿಸಿ, ಗೊಬ್ಬರ ಕೊಟ್ಟು, ನೆರಳು ಕಟ್ಟು ಅಂತ ಹೇಳಬಹುದಿತ್ತು. ಯಾವ ಕಾಫಿ ಗಿಡಕ್ಕಾದ್ರೂ ಅದೇ."

ಇಷ್ಟು ವರ್ಷ ನಾನು ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಮಾವನ ಮೇಲೆ ಕೋಪ ಬಂದದ್ದುಂಟು. ಆದರೆ ಅವರ ನಿಯಮ ಕಲ್ಲುಹೃದಯದಿಂದ ಹುಟ್ಟಿದ್ದಲ್ಲ. ಗೊತ್ತಿಲ್ಲದ್ದಕ್ಕೆ ಉತ್ತರ ಕೊಟ್ಟರೆ ಗೊತ್ತಿರುವ ಉತ್ತರದ ಬೆಲೆಯೂ ಹೋಗುತ್ತದೆ ಎಂಬ ಭಯ ಅವರದು. ಇನ್ನೊಂದು ಕಾರಣವೂ ಇತ್ತು. ಭಾನುವಾರ ಒಂದೇ, ಮನುಷ್ಯ ಒಬ್ಬನೇ. ಹೆಸರಿಲ್ಲದ ಒಂದು ಗಿಡದ ಕಗ್ಗಂಟು ಬಿಡಿಸುತ್ತ ಕೂತರೆ, ಕ್ರಮವಾಗಿ ಬೀಜ ತಂದು ಹಾಕಿದ ಹತ್ತು ಜನ ಅಂಗಳದಲ್ಲೇ ಕಾಯಬೇಕು. ಯಾರೂ ಸಂಬಳ ಕೊಡದ ಸಹಾಯಕ್ಕೂ ಒಂದು ಸರದಿ ಬೇಕಲ್ಲ.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ರಜೆಗೆ ಬಂದಾಗ ಈ ಕಥೆ ಹೇಳಿದರೆ ನಕ್ಕಳು. ಅವರಲ್ಲೂ ಇದೇ ಜಗಳವಂತೆ. ತಂತ್ರಾಂಶವನ್ನು ಎಲ್ಲರಿಗೂ ಬಿಡುವ ಮೊದಲು 'ಬೀಟಾ' ಎಂದು ಪರೀಕ್ಷೆಗೆ ಕೊಡುತ್ತಾರೆ. ಆತುರದವರು ಅದನ್ನು ದಿನನಿತ್ಯದ ಕೆಲಸಕ್ಕೇ ಹಾಕಿಕೊಂಡು, ಕೆಟ್ಟಾಗ ಪುಗಸಟ್ಟೆ ಸಹಾಯ ಮಾಡುವ ನಾಲ್ಕು ಜನರ ಬಾಗಿಲು ತಟ್ಟುತ್ತಾರೆ. ಇಂಥವಕ್ಕೆ ನಾವು ಉತ್ತರಿಸುವುದಿಲ್ಲ, ಮಾಡಿದವರಿಗೇ ತಿಳಿಸಿ ಎಂದು ಕೆಲವರು. ಬಂದವರನ್ನು ಹಿಂದೆ ಕಳಿಸುವುದು ಹೇಗೆ ಎಂದು ಕೆಲವರು. "ಆದ್ರೆ ಚಿಕ್ಕಿ, ಕಂಪ್ಯೂಟರ್ ಆದ್ರೆ ಹಳೇದನ್ನ ವಾಪಸು ಹಾಕಿಕೊಳ್ಳಬಹುದು" ಅಂದಳು. ಕೆಳಮನೆಯ ಅಕ್ಕನಿಗೆ ಹಳೆಯದನ್ನು ವಾಪಸು ಹಾಕಿಕೊಳ್ಳುವ ದಾರಿ ಇರಲಿಲ್ಲ. ಬೀಜ ಹಾಕಿದ ಮೇಲೆ ಐದು ವರ್ಷ ಹೋದವು, ಹೋದವೇ.

ಯೋಚಿಸಿದಾಗ ನನಗೆ ಕಾಣುವುದು ಇಷ್ಟು. ಹೆಸರಿಲ್ಲದ ಗಿಡದ ಕಾಯಿಲೆಯಲ್ಲಿ ಒಂದು ಪಾಲು ಎಲ್ಲ ಕಾಫಿ ಗಿಡಕ್ಕೂ ಬರುವಂಥದ್ದು. ಹಸಿವು, ನೆರಳು, ನೀರು, ಹುಳು. ಅದಕ್ಕೆ ಉತ್ತರ ಗೊತ್ತಿದ್ದವರು ಬಾಯಿ ಮುಚ್ಚಿಕೊಳ್ಳಬಾರದು, ಬೀಜ ಎಲ್ಲಿಂದಲಾದರೂ ಬಂದಿರಲಿ. ಇನ್ನೊಂದು ಪಾಲು ಆ ಗಿಡದ್ದೇ. ಎಷ್ಟು ವರ್ಷ ಬಾಳುತ್ತದೆ, ಯಾವ ತುಕ್ಕಿಗೆ ಸೋಲುತ್ತದೆ, ಔಷಧಿ ಕಡಿಮೆ ಮಾಡಬಹುದೆ. ಅದರ ಬಗ್ಗೆ "ಗೊತ್ತಿಲ್ಲ" ಎನ್ನಬೇಕು. ಅಷ್ಟೇ ಹೇಳಿ ಬಾಗಿಲು ಹಾಕದೆ, ಪರೀಕ್ಷೆ ಮಾಡುವವರ ಹತ್ತಿರ ಕಳಿಸಬೇಕು. ಕೆಂಟ್ ತನ್ನ ಗಿಡವನ್ನು ಗುರುತಿಸಿದ್ದು, ಮೇನ್ ತುಕ್ಕಿನ ಬಗೆಗಳನ್ನು ಬೇರ್ಪಡಿಸಿದ್ದು, ಯಾರೋ ಎಲೆಯನ್ನು ಮಗುಚಿ ನೋಡಿದ್ದರಿಂದ. ಹೆದರಿ ಸೆರಗಿನಲ್ಲಿ ಮುಚ್ಚಿಟ್ಟ ರೆಂಬೆಯಿಂದ ಯಾರೂ ಏನೂ ಕಲಿಯುವುದಿಲ್ಲ.

ಅದರ ಜೊತೆಗೆ ಮಾವನ ನಿಯಮದ ಅರ್ಧವನ್ನು ಉಳಿಸಿಕೊಳ್ಳುತ್ತೇನೆ. ಅಂಥ ಬೀಜದ ಉತ್ತರವನ್ನು ಊರಿನ ಉತ್ತರದ ಜೊತೆ ಬೆರೆಸಬಾರದು. ಅದಕ್ಕೆ ಬೇರೆ ಪುಟ, ಬೇರೆ ಹೊತ್ತು.

ಮೇ ತಿಂಗಳ ಆ ಬೆಳಿಗ್ಗೆ ಹುಡುಗನನ್ನು ಕೂರಿಸಿದೆ. ಎಷ್ಟು ಗಿಡ ಎಂದು ಕೇಳಿದೆ. ಇನ್ನೂರು. ಪುಣ್ಯಕ್ಕೆ ಎರಡೆಕರೆಗೂ ಹಾಕಿರಲಿಲ್ಲ. ನೀಲಿ ರಟ್ಟಿನ ಪುಸ್ತಕ ತೆಗೆದು ಮೊದಲ ಪುಟ ತೋರಿಸಿದೆ. ಮಳೆ ಹಿಡಿಯುವ ಮೊದಲು ಒಂದು ಸಲ, ಮಳೆ ಬಿಟ್ಟ ಮೇಲೆ ಒಂದು ಸಲ, ಎಲೆಯ ಹಿಂಬದಿಗೆ ಬೀಳುವ ಹಾಗೆ. ಯಾವ ಅರೇಬಿಕಾ ಆದರೂ ಅದೇ. ಗಿಡ ನಿಲ್ಲುತ್ತದೆಯೇ ಎಂದು ಕೇಳಿದ. ಗೊತ್ತಿಲ್ಲ ಅಂದೆ. ಎಲೆ ತಗೊಂಡು ಬಾಳೆಹೊನ್ನೂರಿಗೆ ಹೋಗು, ಬೀಜ ಹೇಗೆ ಬಂತೆಂದು ಮುಚ್ಚುಮರೆ ಇಲ್ಲದೆ ಹೇಳು ಅಂದೆ.

"ಬೈತಾರೆ ಟೀಚರ್."

"ಬೈಸಿಕೊಂಡು ಬಾ. ಪಕ್ಕದ ಮನೆಯವರಿಗೆ ಮಾತ್ರ ಆ ಬೀಜ ಒಂದೂ ಕೊಡಬೇಡ."

ಅವನು ಹೋದ ಮೇಲೆ ಪುಸ್ತಕದ ಕೊನೆಯ ಖಾಲಿ ಹಾಳೆಗಳನ್ನು ತಿರುವಿದೆ. ಮಾವನ ಬರಹ ನಿಂತ ಜಾಗದಿಂದ ನಾಲ್ಕು ಹಾಳೆ ಬಿಟ್ಟು, ಮೇಲೆ 'ಹೆಸರಿಲ್ಲದವು' ಎಂದು ಬರೆದೆ. ತಾರೀಖು ಹಾಕಿದೆ, ಗಿಡ ಇನ್ನೂರು, ತುಕ್ಕು, ಏನು ಹೇಳಿದೆ ಎಂದು ಬರೆದೆ. 'ಆಮೇಲೆ ಏನಾಯಿತು' ಎಂಬ ಜಾಗ ಖಾಲಿ ಇದೆ. ಅವನು ಬಾಳೆಹೊನ್ನೂರಿಗೆ ಹೋಗಿ ಬಂದ. ಬೈಸಿಕೊಂಡನಂತೆ. ಎಲೆ ಇಟ್ಟುಕೊಂಡರಂತೆ.

ಶಾಲೆಗೆ ಹೋಗುವ ಬಸ್ಸು ದಿನಾ ಆ ಎಕರೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಈಗ ಅಲ್ಲಿ ಹೋಂಸ್ಟೇ, ಮುಂದೆ ಹುಲ್ಲಿನ ಹಾಸು, ಎರಡು ಉಯ್ಯಾಲೆ. ಅಕ್ಕ ಕೆಲವೊಮ್ಮೆ ಅದೇ ಬಸ್ಸಿಗೆ ಹತ್ತುತ್ತಾಳೆ, ನನ್ನ ಪಕ್ಕ ಕೂತು ಮೊಮ್ಮಕ್ಕಳ ಮಾತಾಡುತ್ತಾಳೆ. ಆ ತಿರುವು ಬಂದಾಗ ಇಬ್ಬರೂ ಇನ್ನೊಂದು ಕಡೆಯ ಕಿಟಕಿ ನೋಡುತ್ತೇವೆ.